ಬಜೆಯ ವಾಸನೆ

ನನ್ನ ಅಕ್ಕ ಸಾಯುವ ಮೊದಲು ನನ್ನನ್ನು ಮರೆತಳು. ಹೊಳಲಿನಲ್ಲಿ ಅವಳ ಮಗಳ ಮನೆಗೆ ನೋಡಲು ಹೋದಾಗ, 'ಈಕಿ ಯಾರು, ಬಟ್ಟಿ ಒಗಿಯಾಕ ಬಂದಾಳನು?' ಎಂದು ಕೇಳಿದಳು. ಅದಕ್ಕೆ ನಾನು ಅಳಲಿಲ್ಲ. ಆದರೆ ಊರಿಗೆ ಬರುವ ಬಸ್ಸಿನಲ್ಲಿ ಒಂದೇ ಯೋಚನೆ. ಅವ್ವನಿಗೂ ಕೊನೆಗೆ ಹೀಗೆಯೇ ಆಗಿತ್ತು. ಈಗ ಅಕ್ಕನಿಗೆ. ಉಳಿದವಳು ನಾನೊಬ್ಬಳೇ.

ಅಕ್ಕನದು ಶುರುವಾದದ್ದು ದಾರಿ ತಪ್ಪುವುದರಿಂದ. ಹಿಟ್ಟಿನ ಗಿರಣಿಗೆಂದು ಹೊರಟವಳು ಮೈಲಾರದ ದಾರಿ ಹಿಡಿದು ನಡೆದಿದ್ದಳು. ಗುರುತಿನವರು ಯಾರೋ ಬೈಕಿನ ಮೇಲೆ ಕೂರಿಸಿಕೊಂಡು ಬಂದು ಬಿಟ್ಟರು. ಜೋಳದ ಡಬ್ಬಿ ಕೈಯಲ್ಲಿ ಹಾಗೆಯೇ ಇತ್ತು.

ಕೂಸುಗಳಿಗೆ ಮಾತು ಬೇಗ ಬರಲಿ, ಬುದ್ಧಿ ಚುರುಕಾಗಲಿ ಎಂದು ನಮ್ಮಲ್ಲಿ ಬಜೆ ನೆಕ್ಕಿಸುತ್ತಾರೆ. ಬಜೆ ಎಂದರೆ ಒಣಗಿದ ಬೇರು. ಕಾಯಿಸಿದ ನೀರನ್ನು ಕಲ್ಲಿನ ಮೇಲೆ ಹನಿಸಿ ಒಂದು ಸುತ್ತು ತೇಯ್ದು, ಬೆರಳ ತುದಿಯಿಂದ ನಾಲಿಗೆಗೆ ಹಚ್ಚುವುದು. ನನ್ನ ಮಕ್ಕಳಿಗೆ, ಮೊಮ್ಮಕ್ಕಳಿಗೆ, ಓಣಿಯ ಅರ್ಧ ಮಕ್ಕಳಿಗೆ ನಾನೇ ಹಚ್ಚಿದ್ದೇನೆ. ಬುದ್ಧಿ ಬರಿಸುವ ಬೇರು ಹೋಗುವ ಬುದ್ಧಿಯನ್ನು ಯಾಕೆ ಹಿಡಿಯಬಾರದು ಎಂದುಕೊಂಡು, ಮುಂದಿನ ಸಲ ಹೊಳಲಿಗೆ ಹೋಗುವಾಗ ಕಲ್ಲನ್ನೂ ಬೇರನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ದೊಡ್ಡವಳಿಗೆ ಒಂದು ಸುತ್ತು ಸಾಲದೆಂದು ದಪ್ಪಗೆ ತೇಯ್ದೆ. ನಾಲಿಗೆಗೆ ಹಚ್ಚಿದ್ದೇ ತಡ, ಥೂ ಎಂದು ನನ್ನ ಸೀರೆಯ ಮೇಲೆ ಉಗಿದಳು.

'ಲೇ ಮೂಳಿ, ನಾನೇನು ಕೂಸನಲೇ? ಸಣ್ಣಾಕಿದ್ದಾಗಿಂದ ನಿಂದು ಇದ ಹಣೇಬರ.'

ಅಂದರೆ ನಾನು ಯಾರೆಂದು ಅವಳಿಗೆ ಗೊತ್ತಾಗಿತ್ತು. ಸಂಜೆಗೆ ಮತ್ತೆ ಬಟ್ಟೆ ಒಗೆಯುವವಳಾದೆ, ಆ ಮಾತು ಬೇರೆ. ಬೈದದ್ದು ಬಜೆಯ ಗುಣವೋ ಸಿಟ್ಟಿನ ಗುಣವೋ ನನಗೆ ಇಂದಿಗೂ ಗೊತ್ತಿಲ್ಲ. ಆಗ ಬಜೆಯದೇ ಎಂದು ಗಟ್ಟಿಯಾಗಿ ಹಿಡಿದುಕೊಂಡೆ.

ಅವಳು ಹೋದ ಮೇಲೆ ನಾನೂ ದಿನಾ ಬೆಳಿಗ್ಗೆ ಬಜೆ ನೆಕ್ಕತೊಡಗಿದೆ. ನೆನಪಿಗೆ ಒಳ್ಳೆಯದೆಂದು ಹೊಳಲಿನಿಂದ ತಂದ ಒಂದೆಲಗದ ಬಳ್ಳಿಯನ್ನು ಬಚ್ಚಲ ನೀರು ಹೋಗುವಲ್ಲಿ ನೆಟ್ಟೆ. ಕೊಟ್ಟೂರಿನ ನಮ್ಮ ಒಣ ಹಿತ್ತಿಲಲ್ಲಿ ಅದು ಬದುಕುವುದು ಅಲ್ಲೊಂದೇ ಕಡೆ. ಅದರ ಎಲೆಯ ಚಟ್ನಿ ತಿಂದೆ. ಅದೂ ಸಾಲದೆ ಔಷಧಿ ಅಂಗಡಿಗೆ ಹೋಗಿ ನೆನಪಿನ ಶಕ್ತಿಯ ಬಾಟಲಿ ಕೇಳಿದೆ. ಅದರ ಮೇಲೆ ಪುಸ್ತಕ ಹಿಡಿದ ಹುಡುಗನ ಚಿತ್ರ.

'ಯಾವ ಪರೀಕ್ಷಿಗೆ ಕುಂದ್ರತೀಬೇ ಅಜ್ಜಿ?' ಎಂದ ಅಂಗಡಿಯವನು.

'ಫೇಲಾದ್ರ ಮತ್ತ ಕಟ್ಟಾಕ ಬರಲಾರದ ಪರೀಕ್ಷಿಗೆ. ಬಾಟ್ಲಿ ಕೊಡು,' ಎಂದೆ.

ಈ ವರ್ಷ ಮೊಮ್ಮಗಳು ಬಾಣಂತನಕ್ಕೆ ಬಂದಳು. ಹರಪನಹಳ್ಳಿಯಲ್ಲಿ ಆಸ್ಪತ್ರೆ ನರ್ಸ್ ಅವಳು. ಬಾಟಲಿ ನೋಡಿ ನಕ್ಕಳು.

'ಇಂಥ ಗಿಡದ ಸಾರ ತಗದು ಇಲಿಗೆ ಕೊಟ್ಟು ನೋಡ್ತಾರಬೇ. ಇಲಿಗೆ ಒಂದೀಟು ಛಲೋ ಆಗೈತಂತ. ಮನಷ್ಯಾರಿಗೆ ಆಗ್ತೈತಿ ಅಂತ ಗಟ್ಟಿ ಹೇಳಾಕ ಇನ್ನೂ ಬಂದಿಲ್ಲ. ದೊಡ್ಡಜ್ಜಿಗೆ ಆಗಿತ್ತಲ್ಲ ಅಲ್ಜೈಮರ್, ಅದನ್ನ ಪೂರಾ ವಾಸಿ ಮಾಡೋ ಔಷಧಿನ ಇಲ್ಲ.'

'ಇಲಿಗೆ ಏನು ನೆನಪು ಬೇಕಾಗಿತ್ತಲೇ?'

'ದಾರಿ. ಒಳಗ ಬಿಟ್ರ ದಾರಿ ಹಿಡಿದು ಹೊರಗ ಬರ್ತಾವೋ ಇಲ್ಲೋ ನೋಡ್ತಾರ.'

'ನಿಮ್ಮ ದೊಡ್ಡಜ್ಜಿಗೂ ಅದ ಬೇಕಾಗಿತ್ತು,' ಎಂದೆ.

ಬಜೆಯ ವಿಷಯಕ್ಕೆ ಬಂದಾಗ ಅವಳು ನಗಲಿಲ್ಲ. ಅದು ಹೆಚ್ಚಾದರೆ ಕೂಸಿಗೆ ವಾಂತಿಯಾಗುತ್ತದೆ, ಜೀವಕ್ಕೂ ತ್ರಾಸು, ಕೊಡಲೇಬೇಡಿ ಎಂದು ಡಾಕ್ಟರು ಹೇಳುತ್ತಾರೆ ಎಂದಳು. 'ನಿನಗೂ ನಾನ ಹಚ್ಚೀನಿ. ನರ್ಸ್ ಆಗಿಲ್ಲನು?' ಎಂದು ಬಾಯಿ ಮುಚ್ಚಿಸಿದೆ. ಮನೆಯಲ್ಲಿ ನನ್ನ ಮಾತೇ ನಡೆಯಿತು. ದಿನಕ್ಕೆ ಒಂದು ಸಲ, ಮುಟ್ಟಿಸಿದಷ್ಟು, ಅದೂ ನನ್ನ ಕೈಯಿಂದಲೇ.

ಒಂದು ಬೆಳಿಗ್ಗೆ ಕೂಸಿಗೆ ನೀರು ಹಾಕಿ, ಲೋಬಾನದ ಹೊಗೆ ಹಾಕಿ, ಬಟ್ಟೆ ಸುತ್ತಿ ಮಲಗಿಸಿದೆ. ಮೊಮ್ಮಗಳು ಬಚ್ಚಲಿಗೆ ಹೋದಳು. ಆಮೇಲೆ ನಾನು ಕಲ್ಲಿನ ಮುಂದೆ ಕುಳಿತಿದ್ದೇನೆ, ಬೆರಳ ತುದಿಯಲ್ಲಿ ತೇಯ್ದ ಬಜೆ ಇದೆ. ಇದು ಯಾರದು? ಕೂಸಿಗೆ ಹಚ್ಚಿ ಮುಗಿಸಿ ನನಗೆಂದು ತೇಯ್ದದ್ದೋ, ಕೂಸಿಗೆ ಇನ್ನೂ ಹಚ್ಚಿಯೇ ಇಲ್ಲವೋ? ನಡುವಿನದು ಏನೂ ಇಲ್ಲ. ಹೊಗೆ ಹಾಕಿದ್ದು ಗೊತ್ತು, ಬೆರಳು ಗೊತ್ತು, ನಡುವೆ ಖಾಲಿ.

ಬಜೆಗೆ ಘಾಟು ವಾಸನೆ. ಕೊಟ್ಟಿದ್ದರೆ ಕೂಸಿನ ಬಾಯಲ್ಲಿ ಇದ್ದೇ ಇರುತ್ತದೆ. ಬಗ್ಗಿ ಮೂಸಿದೆ. ಬಜೆ ನಾರಿತು. ಸಮಾಧಾನವಾಗುವಷ್ಟರಲ್ಲಿ ತಲೆ ಎತ್ತಿ ಉಸಿರೆಳೆದೆ, ಆಗಲೂ ಬಜೆಯೇ. ನನ್ನ ಬೆರಳು ನಾರುತ್ತಿತ್ತು, ಸೆರಗು ನಾರುತ್ತಿತ್ತು, ದಿನಾ ನೆಕ್ಕಿ ನೆಕ್ಕಿ ನನ್ನ ಬಾಯಿಯೇ ನಾರುತ್ತಿತ್ತು. ಮರೆಯಬಾರದೆಂದು ತಿಂದದ್ದೇ ನನಗೆ ಗುರುತು ಸಿಗದ ಹಾಗೆ ಮಾಡಿತ್ತು. ಹಚ್ಚಿಬಿಡಲೇ ಎಂದು ಬೆರಳು ಒಮ್ಮೆ ಕೂಸಿನ ತುಟಿಯವರೆಗೂ ಹೋಯಿತು. ಹಿಂದಕ್ಕೆ ತೆಗೆದು ನೆಲಕ್ಕೆ ಒರೆಸಿದೆ.

ಮೊಮ್ಮಗಳು ತಲೆ ಒರೆಸಿಕೊಳ್ಳುತ್ತ ಬಂದಳು.

'ಕೂಸಿಗೆ ಬಜಿ ಕೊಟ್ಟಿದ್ನನಲೇ ನಾನು?'

'ನನಗೇನು ಗೊತ್ತಬೇ? ಬಚ್ಚಲದಾಗಿದ್ದೆ.' ನನ್ನ ಮುಖ ನೋಡಿ ಟವೆಲ್ ಕೆಳಗಿಟ್ಟಳು. 'ನಿನಗ ಗೊತ್ತಿಲ್ಲೇನು?'

'ಇಲ್ಲ,' ಎಂದೆ. ಸುಳ್ಳು ಹೇಳಬಹುದಿತ್ತು. ಕೂಸು ಎದುರಿಗೇ ಮಲಗಿತ್ತು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಸಂಜೆಯ ತನಕ ಇಬ್ಬರೂ ಕೂಸಿನ ಬಾಯಿಯನ್ನೇ ಕಾಯ್ದೆವು. ವಾಂತಿಯಾಗಲಿಲ್ಲ, ಹಾಲು ಕುಡಿಯಿತು, ಮಲಗಿತು. ಕಲ್ಲನ್ನೂ ಬೇರನ್ನೂ ನಾನೇ ಅವಳ ಕೈಗೆ ಕೊಟ್ಟೆ. ಅವಳು ಸ್ಟೂಲ್ ಹತ್ತಿ ಅಟ್ಟದ ಮೇಲಿಟ್ಟಳು. ಕೂಸಿಗೆ ನೀರು ಈಗಲೂ ನಾನೇ ಹಾಕುತ್ತೇನೆ, ಅವಳು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಾಳೆ. ಬಾಣಂತನ ಮುಗಿದ ಮೇಲೆ ನನ್ನನ್ನು ದಾವಣಗೆರೆಯ ಡಾಕ್ಟರಿಗೆ ತೋರಿಸುತ್ತಾಳಂತೆ. ಹೂಂ ಎಂದಿದ್ದೇನೆ.

ಅಲ್ಲಿಯ ತನಕ ಬೆಳಿಗ್ಗೆ ಎದ್ದ ಕೂಡಲೇ ನಗುತ್ತ ಕೇಳುತ್ತಾಳೆ, 'ಕಲ್ಲು ಎಲ್ಲೈತಬೇ?'

'ಅಟ್ಟದ ಮ್ಯಾಲೆ,' ಎನ್ನುತ್ತೇನೆ ಥಟ್ಟನೆ.

ಅವಳಿಗೆ ಸಮಾಧಾನ. ಕಲ್ಲು ಇಟ್ಟದ್ದು ಕಣ್ಣ ಮುಂದೆ ಬಂದು ಹೇಳುತ್ತೇನೋ, ದಿನಾ ಹೇಳಿ ಹೇಳಿ ಬಾಯಿಪಾಠವಾಗಿದೆಯೋ, ಅದನ್ನು ಅವಳು ಕೇಳಿಲ್ಲ.