ಹೆಟ್ಟಿ ಕೇಳಿದ ಒಂದೇ ಅಪ್ಪಣೆ

ಹೆಟ್ಟಿ ಪಿಲಿಂಗ್ ಸುಮ್ಮನೆ ಕೂತಿದ್ದನ್ನು ನಾನು ಕಂಡದ್ದು ಕಡಿಮೆ. ಲ್ಯಾಂಕಶೈರಿನ ನಮ್ಮ ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಅವಳ ಪಕ್ಕದ ಮಗ್ಗ ನನ್ನದು. ಚಹಾ ಕೂಡ ನಿಂತೇ ಕುಡಿಯುವಳು. ಭಾನುವಾರ ಪ್ರಾರ್ಥನೆ ಮುಗಿಯುವುದೇ ತಡ, ಟೋಪಿ ಒತ್ತಿಕೊಂಡು ಊರ ಮೇಲಿನ ಬೋರೆಗುಡ್ಡದ ಕಡೆ ಹೊರಟುಬಿಡುವಳು. ಜೊತೆಗೆ ಗಂಡ ಕ್ಲೆಮ್. ಮೊಣಕಾಲು ಒಪ್ಪಿದ ದಿನ ಹಿಂದೆ ಏದುಸಿರು ಬಿಡುತ್ತ ನಾನು.

ಬೋರೆಗೆ ಹೋಗುವ ಕಾಲುದಾರಿ ಕರ್ನಲ್ ಸ್ಟಾನ್‌ಕ್ಲಿಫ್ ಅವರ ಹುಲ್ಲುಗಾವಲಿನ ನಡುವೆ ಹಾಯುತ್ತದೆ. ಅವರ ಹುಲ್ಲುಗಾವಲಂತೆ! ನನ್ನ ಅಜ್ಜಿಯ ಅಜ್ಜಿ ಅಲ್ಲಿ ಬಾತುಕೋಳಿ ಮೇಯಿಸುತ್ತಿದ್ದಳು. ಆಮೇಲೆ ಲಂಡನ್ನಿನಲ್ಲಿ ಯಾರೋ ಕಾಗದಕ್ಕೆ ಮೊಹರು ಒತ್ತಿದರು, ಕರ್ನಲ್ಲರ ಮುತ್ತಜ್ಜ ಕಲ್ಲುಗೋಡೆ ಎಬ್ಬಿಸಿದ, ಊರಿಗೆಲ್ಲ ಸೇರಿದ್ದು ಒಬ್ಬನ ಪಾಲಾಯಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಡೆಯುವವರಲ್ಲಿ ಒಂದು ಕಟ್ಟುಪಾಡಿತ್ತು. ಗೇಟು ಮುರಿಯಬಾರದು, ಕದ್ದು ನುಸುಳಬಾರದು, ಅಪ್ಪಣೆಯನ್ನಂತೂ ಕೇಳಲೇಬಾರದು. ಇಪ್ಪತ್ತು ವರ್ಷ ಜನ ಹೀಗೆ ನಡೆದರೆ ಕಾನೂನಿನ ಪ್ರಕಾರ ದಾರಿ ಊರಿನದಾಗುತ್ತದೆ. ಅಪ್ಪಣೆ ಕೇಳಿದೆವೋ, ದಾರಿ ಕರ್ನಲ್ಲರದೆಂದು ನಾವೇ ಒಪ್ಪಿಕೊಂಡ ಹಾಗೆ. ಕರ್ನಲ್ಲರ ಕಾವಲುಗಾರ ಎದುರಾದರೆ ಹೆಟ್ಟಿ, "ಮಳೆ ಬರೋ ಹಾಗಿದೆಯಲ್ಲಪ್ಪ" ಎಂದು ದಾಟಿಹೋಗುವಳು. ದಯವಿಟ್ಟು ಎನ್ನದೆ ಉಪ್ಪಿನ ಬಟ್ಟಲನ್ನೂ ಕೇಳದ ನಮ್ಮಂಥವರಿಗೆ ಅದು ಸುಲಭದ ವ್ರತವಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಊರೂರಿನ ಕಾಲುದಾರಿಗಳನ್ನು ನಕ್ಷೆಗೆ ಏರಿಸಬೇಕೆಂದು ಕಾನೂನು ಬಂತು. ಗಾಡಿ ಹೋಗುವ ದೊಡ್ಡ ಗೇಟಿಗೆ ಮೊದಲಿಂದಲೂ ಬೀಗವಿತ್ತು; ಕರ್ನಲ್ಲರು ತಡಮಾಡದೆ ನಾವು ನಡೆಯುವ ಸಣ್ಣ ಗೇಟಿಗೂ ಬೀಗ ಜಡಿದು, ಇದು ನನ್ನ ಖಾಸಗಿ ದಾರಿ ಎಂದರು. ಪ್ರಾರ್ಥನಾ ಮಂದಿರದ ಪಾಠದ ಕೊಠಡಿಯಲ್ಲಿ ವಿಚಾರಣೆ ಇಟ್ಟರು. ನಡೆಯುವವರಲ್ಲಿ ಹೆಚ್ಚಿನವರು ಯುದ್ಧಕ್ಕೆ ಹೋಗಿ ನಡುವೆ ನಡಿಗೆ ತಪ್ಪಿಸಿದವರು. ಇಪ್ಪತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸದೆ ನಡೆದವಳು ಹೆಟ್ಟಿ ಒಬ್ಬಳೇ. ದಾರಿ ಉಳಿಯುವುದೂ ಹೋಗುವುದೂ ಅವಳ ಮಾತಿನ ಮೇಲೆ ನಿಂತಿತ್ತು.

ನನಗೆ ಹಿಂದಿನ ರಾತ್ರಿ ನಿದ್ದೆಯಿಲ್ಲ. ಊರಲ್ಲಿ ಇನ್ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ ಹೆಟ್ಟಿ ಕರ್ನಲ್ಲರಿಗೆ ಬರೆದ ಕಾಗದವನ್ನು ಅಂಚೆಗೆ ಹಾಕಿದವಳು ನಾನೇ.

ಕರ್ನಲ್ಲರ ವಕೀಲ ಕನ್ನಡಕ ಒರೆಸಿಕೊಂಡು ಎದ್ದ. "ಮಿಸೆಸ್ ಪಿಲಿಂಗ್, ಈ ದಾರಿ ವಿಚಾರದಲ್ಲಿ ನೀವು ಯಾವತ್ತಾದ್ರೂ ಅಪ್ಪಣೆ ಕೇಳಿದ್ದುಂಟಾ?"

ಕೂತಲ್ಲೇ ಹೆಟ್ಟಿಯ ಪಾದ ನೆಲ ಬಡಿಯುತ್ತಿತ್ತು. ಮಗ್ಗಗಳ ಗದ್ದಲದಲ್ಲಿ ನೇಯುವವರು ಮಾತಾಡುವುದು ದನಿಯಿಲ್ಲದೆ, ಬರೀ ತುಟಿಯಲ್ಲಿ. ನಾನು ಹಿಂದಿನ ಬೆಂಚಿನಿಂದ "ಇಲ್ಲ ಅನ್ನೇ" ಎಂದು ತುಟಿಯಾಡಿಸಿದೆ. ವಕೀಲನಿಗೆ ತಿಳಿಯಲಿಲ್ಲ. ಆದರೆ ಕೊಠಡಿಯಲ್ಲಿ ಕಿಕ್ಕಿರಿದವರೆಲ್ಲ ನೇಯುವವರೇ ಎಂಬುದನ್ನು ಪೆದ್ದಿ ನಾನು ಮರೆತಿದ್ದೆ. ನಲವತ್ತು ತಲೆ ನನ್ನ ಕಡೆ ತಿರುಗಿದವು.

ಹೆಟ್ಟಿಯೂ ತುಟಿಯಲ್ಲೇ ಅಂದಳು, "ಬಾಯ್ಮುಚ್ಕೊಂಡು ಕೂತ್ಕೊಳ್ಳೇ ಎಲ್ಸಿ. ಬೈಬಲ್ ಮುಟ್ಟಿದೀನಿ."

ಆಮೇಲೆ ಗಟ್ಟಿಯಾಗಿ, "ಕೇಳಿದೆ. ಒಂದು ಸಲ" ಎಂದಳು.

ಕೊಠಡಿ ಗುಜುಗುಟ್ಟಿತು. ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು.

"ಹತ್ತಿ ಧೂಳು ಕುಡಿದು ನನ್ನ ಗಂಡನ ಎದೆ ಹೋಗಿತ್ತು. ಗಾಲಿಕುರ್ಚೀಲಿ ಕೂರಿಸ್ಕೊಂಡು ಹೋಗಿ ಇನ್ನೊಂದೇ ಸಲ ಬೋರೆ ತೋರಿಸ್ಬೇಕಿತ್ತು. ಸಣ್ಣ ಗೇಟಲ್ಲಿ ಕುರ್ಚಿ ಹಿಡಿಸ್ಲಿಲ್ಲ. ದೊಡ್ಡ ಗೇಟಿನ ಬೀಗ ಒಂದು ಭಾನುವಾರ ತೆಗೆಸಿ ಅಂತ ಬರೆದೆ."

"ಅಲ್ಲಿಗೆ ದಾರಿ ಕರ್ನಲ್ಲರದ್ದು ಅಂತ ಒಪ್ಕೊಂಡ ಹಾಗಾಯ್ತು."

"ಬೀಗ ಅವರದ್ದು ಅಂತ ಒಪ್ಕೊಂಡೆ."

ಯಾರೋ ಕಿಸಕ್ಕೆಂದರು. ವಿಚಾರಣೆಯ ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಕೇಳಿದರು, "ಕರ್ನಲ್ಲರು ಏನಂತ ಉತ್ತರ ಬರೆದ್ರಮ್ಮ?"

"ಬರೀಲೇ ಇಲ್ಲ ಸಾರ್. ಹದಿನೆಂಟು ದಿನ ಕಾದ್ವಿ. ಹತ್ತೊಂಬತ್ತನೇ ದಿನ ಕ್ಲೆಮ್ ಹೋದ."

"ಆ ದಿನಗಳಲ್ಲಿ ನೀವು ನಡೆಯೋದು ನಿಲ್ಸಿದ್ರಾ?"

"ಇಲ್ಲ. ಭಾನುವಾರ ಬಂದ್ರೆ ಅವನೇ ಅಟ್ತಿದ್ದ. ಹೋಗು, ನೋಡ್ಕೊಂಡು ಬಂದು ನಂಗೆ ಹೇಳು ಅಂತ. ನನ್ನ ಕಾಲಿಗೆ ನಾನು ಯಾರ ಅಪ್ಪಣೆನೂ ಕೇಳಿಲ್ಲ ಸಾರ್."

ಅಧಿಕಾರಿ ಅದನ್ನು ಹಾಗೇ ಬರೆದುಕೊಂಡರು. ವಕೀಲ ಕಾಗದಗಳನ್ನು ಜೋಡಿಸಿಕೊಂಡು ಕೂತ.

ಮುಂದಿನ ವರ್ಷ ನಕ್ಷೆ ಬಂತು. ದಾರಿ ಊರಿನದಾಯಿತು. ಸಣ್ಣ ಗೇಟು ಕಿತ್ತು ಅಗಲವಾದದ್ದನ್ನು ಕೂರಿಸಿದರು. ಮೊದಲ ಭಾನುವಾರ ಊರಿಗೆ ಊರೇ ಹಾಡುತ್ತ ಹೊರಟಿತು. ಹೆಟ್ಟಿ ಎಲ್ಲರನ್ನೂ ಮುಂದೆ ಬಿಟ್ಟು, ಚೀಲದಿಂದ ಹೊಲಿಗೆಯ ಟೇಪು ತೆಗೆದು ಗೇಟಿನ ಅಗಲ ಹಿಡಿದು ನೋಡಿದಳು. ಮೂವತ್ತಾರು ಇಂಚು. ಕ್ಲೆಮ್‌ನ ಕುರ್ಚಿ ಇಪ್ಪತ್ತೇಳು ಇತ್ತು.

ನಾನು ಅವಳ ತೋಳು ಹಿಡಿದೆ. ಅವಳು ಬಿಡಿಸಿಕೊಂಡು ಪಕ್ಕದ ಗೋಡೆಯ ಹತ್ತಿರ ಹೋಗಿ, ಮೇಲಿನ ಕಲ್ಲಿನ ಮೇಲೆ ಕೈಯಿಟ್ಟಳು.

"ನನ್ನ ಎದೆಮಟ್ಟಕ್ಕೂ ಇಲ್ಲ ನೋಡೇ ಎಲ್ಸಿ ಈ ಗೋಡೆ. ಹತ್ತಿಯಷ್ಟೂ ಭಾರ ಇರ್ಲಿಲ್ಲ ಅವನು. ನಾವಿಬ್ರೇ ಎತ್ತಿ ದಾಟಿಸ್ಬಹುದಿತ್ತು." ಕಲ್ಲಿನ ಪಾಚಿ ಕೆರೆಯುತ್ತ ಅಂದಳು, "ಕೇಳಿದ್ಮೇಲೆ ಕಾಯ್ಬೇಕಲ್ಲ ಅಂತ ಕೂತ್ಬಿಟ್ವಿ."

ಆಮೇಲೆ ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು ಬೋರೆಯ ಕಡೆ ಹೊರಟಳು. ನಾನು ಕೂಗಿದರೂ ನಿಲ್ಲಲಿಲ್ಲ.