ಭೀಮಶಾ ನನ್ನ ವೇಷ ಹಾಕಿದ ದಿನ

ಹುಡಗಿ ಎಂಬ ಊರಿನ ಅಣ್ಣತಮ್ಮಂದಿರಿಬ್ಬರು ಬಡಿಗೆ ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಭೀಮಶಾನನ್ನು ನನ್ನ ಅಂಗಡಿಯಲ್ಲಿ ಕೂಡಿಸಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ — ಆಮೇಲೆ ಹೇಳೋಣವೆಂದು ಹೊರಟರೆ ನನ್ನ ನಾಲಿಗೆ ಹೊರಳುತ್ತದೆ. ವ್ಯಾಪಾರಿಯ ನಾಲಿಗೆ ಅದು, ಅದನ್ನು ನಾನೇ ನಂಬುವುದಿಲ್ಲ.

ನಾನು ಬಸವಕಲ್ಯಾಣದ ಹಗ್ಗದ ರೇವಪ್ಪ. ಚಳಿಗಾಲದಲ್ಲಿ ಹುಮನಾಬಾದಿನ ದನದ ಪೇಟೆಗೆ ಹಗ್ಗ, ಮೂಗುದಾರ, ಕಣ್ಣಿಗಳನ್ನು ಹೇರಿಕೊಂಡು ಹೋಗಿ ಅಂಗಡಿ ಹೂಡುತ್ತಿದ್ದೆ. ಕರ್ನಾಟಕ ಒಂದಾಗಿ ಕೆಲವೇ ವರ್ಷ ಕಳೆದಿದ್ದ ಕಾಲ. ಅದೇ ಪೇಟೆಗೆ ಹಗಲುವೇಷದವರೂ ಬರುತ್ತಿದ್ದರು — ಒಂದು ದಿನ ಬೈರಾಗಿ, ಒಂದು ದಿನ ಅಮೀನ್‌ಸಾಬ, ಒಂದು ದಿನ ಜಗಳಗಂಟಿ ಅತ್ತೆ. ಹಗಲು ಹೊತ್ತಿನಲ್ಲೇ ಮುಖಕ್ಕೆ ಬಣ್ಣ ಬಳಿದುಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ ನಗಿಸುವವರು. ಅವರಿಗೂ ಅಂಗಡಿಯವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಜನ ಆಟ ನೋಡುತ್ತ ಸರಕಿಗೆ ಬೆನ್ನು ತಿರುಗಿಸುತ್ತಾರೆಂದು ಇವರ ಸಿಟ್ಟು. ನಗುವಷ್ಟು ನಕ್ಕು ಕೈ ಬಿಚ್ಚುವುದಿಲ್ಲವೆಂದು ಅವರ ಸಿಟ್ಟು.

ಅವರನ್ನು ಒಂದು ಮಾಡಿದವನು ನಾನೇ. ಹೌದು, ಇವತ್ತಿಗೂ ಆ ಮಾತಿಗೆ ನನ್ನ ಎದೆ ಉಬ್ಬುತ್ತದೆ — ನಾಚಿಕೆಗೇಡು, ಆದರೂ ಉಬ್ಬುತ್ತದೆ. ಒಂದೇ ಒಲೆ ಹೂಡಿಸಿದೆ. ಅಂಗಡಿಯವರ ಜೋಳದ ಹಿಟ್ಟು, ವೇಷದವರ ಸೌದೆ. ಮೊದಮೊದಲು ಕೆಲವರು ಮುಖ ತಿರುಗಿಸಿ ದೂರ ಕೂತರು. ಪುಂಡಿಪಲ್ಯದ ವಾಸನೆ ಅವರನ್ನೂ ಸಾಲಿಗೆ ಎಳೆದು ತಂದಿತು. ಆಮೇಲೆ ಒಂದು ಪದ್ಧತಿ ಬೆಳೆಯಿತು. ಪೇಟೆಯ ಕೊನೆಯ ದಿನ ಒಬ್ಬ ವೇಷದವನು ಒಬ್ಬ ವ್ಯಾಪಾರಿಯ ಬಟ್ಟೆ ಉಟ್ಟು ಅವನ ಅಂಗಡಿಯಲ್ಲಿ ಅವನಾಗಿಯೇ ಕೂಡಬೇಕು, ವ್ಯಾಪಾರಿ ಬಣ್ಣ ಬಳಿದುಕೊಂಡು ಜೋಳಿಗೆ ಹಿಡಿದು ಪೇಟೆ ತಿರುಗಬೇಕು. ಸಂಜೆಯ ತನಕ ಯಾರೂ ವೇಷ ಬಿಡುವಂತಿಲ್ಲ. ಇಡೀ ಪೇಟೆ ನಕ್ಕು ನಕ್ಕು ಹಣ್ಣಾಗುತ್ತಿತ್ತು.

ವೇಷದವರಲ್ಲಿ ಭೀಮಶಾನೇ ಎಲ್ಲರಿಗಿಂತ ಜಾಣ. ನಿಮ್ಮ ಜೊತೆ ಒಮ್ಮೆ ಚಹಾ ಕುಡಿದರೆ ಸಾಕು, ನಿಮ್ಮ ಕೆಮ್ಮು ಕೂಡ ಅವನ ಗಂಟಲಲ್ಲಿರುತ್ತಿತ್ತು.

ಆ ವರ್ಷ ನನಗೆ ಒಳ್ಳೆಯ ನಾರು ಸಿಗಲಿಲ್ಲ — ಇಲ್ಲ, ಸಿಗುತ್ತಿತ್ತು, ತುಟ್ಟಿಯಾಗಿತ್ತು. ಹಳೆಯ ಹಗ್ಗವನ್ನು ಒಳಗಿಟ್ಟು ಮೇಲೆ ಹೊಸ ನಾರು ಹೊಸೆದೆ. ಮೇಲೆ ಥಳಕು, ಒಳಗೆ ಹುಳುಕು. ಹುಡಗಿ ಊರಿನ ಮುದುಕನೊಬ್ಬ ಬಾವಿಯಿಂದ ನೀರೆತ್ತುವ ಕಪಿಲೆಗೆಂದು ಅದನ್ನೇ ಕೊಂಡ. ಕಪಿಲೆ ಹೊಡೆಯುವವನು ಎತ್ತು ಇಳಿಜಾರಿಗೆ ಇಳಿಯುವಾಗ ಭಾರಕ್ಕೆಂದು ಹಗ್ಗದ ಮೇಲೆಯೇ ಕೂಡುತ್ತಾನೆ. ಹಗ್ಗ ಹರಿಯಿತು. ಮುದುಕ ಕಲ್ಲಿನ ಮೇಲೆ ಬಿದ್ದು ಸೊಂಟ ಮುರಿದುಕೊಂಡ.

ಕೊನೆಯ ದಿನ ಬೆಳಿಗ್ಗೆ ಹುಡಗಿಯಲ್ಲಿದ್ದ ನನ್ನ ಸೋದರಮಾವ ಓಡೋಡಿ ಬಂದ.

“ಇವತ್ತ ಅಂಗಡ್ಯಾಗ ಕುಂದ್ರಬ್ಯಾಡ. ಮುದುಕನ ಮಕ್ಕಳು ಬರಾಕತ್ತಾರ,” ಅಂದ.

ಅಂಗಡಿ ಮುಚ್ಚಬಹುದಿತ್ತು. ಗಂಟುಮೂಟೆ ಕಟ್ಟಿ ಕಲ್ಯಾಣಕ್ಕೆ ಹೊರಡಬಹುದಿತ್ತು. ಅವರ ಕಾಲು ಹಿಡಿದು ತಪ್ಪಾಯಿತು ಅನ್ನಬಹುದಿತ್ತು — ಆದರೆ ಪೇಟೆಯ ಕಣ್ಣಿಗೆ ನಾನು ದೊಡ್ಡ ಮನುಷ್ಯ, ಎಲ್ಲರನ್ನು ಕೂಡಿಸಿದವನು. ಭೀಮಶಾ ಅಂದು ಬಳೆಗಾರನ ವೇಷ ಹಾಕುವವನಿದ್ದ. ನಾನು ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟೆ.

“ಈ ಸಲ ನನ್ನ ಅಂಗಡ್ಯಾಗ ಕುಂದ್ರು,” ಅಂದೆ.

ಅವನ ಮುಖ ಅರಳಿತು. ಎಷ್ಟೋ ವರ್ಷ ಕೇಳಿದ್ದ, ನಾನೇ ಒಪ್ಪಿರಲಿಲ್ಲ. ನನ್ನ ರುಮಾಲು, ಕರಿ ಕೋಟು, ಚಷ್ಮಾ ಬಿಚ್ಚಿ ಕೊಟ್ಟೆ. ಅವನು ನನ್ನ ಮುಖಕ್ಕೆ ತನ್ನ ಕೈಯಾರೆ ಬಣ್ಣ ಹಚ್ಚಿದ. ಹಚ್ಚುವಾಗ ಸಣ್ಣಗೆ ಹಾಡು ಗುನುಗುತ್ತಿದ್ದ. ಆಗಲಾದರೂ ಬಾಯಿ ಬಿಡಬಹುದಿತ್ತು, ನಾನು ಕಣ್ಣು ಮುಚ್ಚಿಕೊಂಡು ಕೂತೆ.

ಹೊತ್ತು ಏರಿದ ಮೇಲೆ ಅವರು ಬಂದರು. ನಾನು ಎದುರಿನ ಚಹಾದ ಅಂಗಡಿಯ ಹತ್ತಿರ ಮಂದಿಯೊಳಗಿದ್ದೆ.

“ಹಗ್ಗದ ರೇವಪ್ಪ ಅಂದ್ರ ನೀನೇನು?” ದೊಡ್ಡವನು ಕೇಳಿದ.

ಭೀಮಶಾ ನನ್ನಂತೆಯೇ ಹಗ್ಗವನ್ನು ಮೊಣಕಾಲಿಗೆ ಹಾಕಿ ಜಗ್ಗಿದ. ನನ್ನಂತೆಯೇ ಚಷ್ಮಾದ ಮೇಲಿಂದ ನೋಡಿದ. ನನ್ನ ಧ್ವನಿಯಲ್ಲೇ, ನಾನು ದಿನವೂ ಕೂಗುತ್ತಿದ್ದ ಮಾತನ್ನೇ ಅಂದ:

“ಹೌದ್ರಿ, ನಾನ ರೇವಪ್ಪ. ಆನಿ ಕಟ್ರಿ, ಹರಿಯಂಗಿಲ್ಲ.”

ಮೊದಲ ಏಟಿಗೆ ಜನ ನಕ್ಕರು. ಆಟದ ಭಾಗವೆಂದುಕೊಂಡರು. ಎರಡನೆಯದಕ್ಕೂ ನಕ್ಕರು. ಭೀಮಶಾನ ಹೆಂಡತಿ ಶಾಂತವ್ವ ಮಾತ್ರ ನಗಲಿಲ್ಲ. ಗುಂಪು ಸೀಳಿಕೊಂಡು ಬಂದು ನನ್ನ ಕೈ ಹಿಡಿದಳು.

“ಅಣ್ಣಾ, ಅವರಿಗಿ ಹೇಳ್ರಿ. ಅವ ನೀವಲ್ಲ ಅಂತ ಹೇಳ್ರಿ.”

ಸುತ್ತಲಿನವರೆಲ್ಲ ನನ್ನ ಕಡೆ ನೋಡಿದರು. ನಾನು ಬೆರಳೆತ್ತಿದ್ದರೆ ಹತ್ತು ಜನ ಮುನ್ನುಗ್ಗುತ್ತಿದ್ದರು, ಅಂಥ ಒಗ್ಗಟ್ಟನ್ನು ನಾನೇ ಕಟ್ಟಿದ್ದೆ. ಆ ನಂಬಿಕೆಯೆಲ್ಲ ನನ್ನ ಬಾಯಿಯ ಮಾತಿಗೆ ಕಾಯುತ್ತಿತ್ತು.

“ಆಟ ಅದ ತಂಗಿ, ಹೆದರಬ್ಯಾಡ,” ಅಂದೆ.

ಜನ ಸಮಾಧಾನದಿಂದ ಮತ್ತೆ ಆ ಕಡೆ ತಿರುಗಿದರು. ರಕ್ತ ಕಂಡ ಮೇಲೆ ಓಡಿದರು. ಅಷ್ಟರಲ್ಲಿ ಬಡಿಗೆ ಅವನ ದವಡೆ ಒಡೆದಿತ್ತು.

ಬೀದರಿನ ದವಾಖಾನೆಯಿಂದ ಭೀಮಶಾ ಬದುಕಿ ಬಂದ. ಮಾತು ಮಾತ್ರ ಬರಲಿಲ್ಲ — ಬಂದದ್ದು ಮನೆಯವರಿಗಷ್ಟೇ ತಿಳಿಯುವ ತೊದಲು. ಮಾತಿಲ್ಲದ ವೇಷದವನನ್ನು ಯಾರು ಕರೆಯುತ್ತಾರೆ? ಕಲ್ಯಾಣಕ್ಕೆ ಕರೆತಂದು ಅಂಗಡಿಯ ಹಿಂದಿನ ಖೋಲಿ ಕೊಟ್ಟೆ, ಹಗ್ಗ ಹೊಸೆಯುವ ಕೆಲಸ ಕೊಟ್ಟೆ. ಊರು ನನ್ನನ್ನು ಹೊಗಳಿತು. ರೇವಪ್ಪನಂಥ ದೊಡ್ಡ ಮನಸ್ಸು ಯಾರಿಗಿದೆ ಅಂದಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಆ ಹೊಗಳಿಕೆ ಕೇಳಿದಾಗೆಲ್ಲ ಮುಖ ಮುಟ್ಟಿ ನೋಡಿಕೊಳ್ಳುತ್ತಿದ್ದೆ — ಬಣ್ಣ ಇನ್ನೂ ಇದೆಯೇನೋ ಎಂದು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಭೀಮಶಾನಿಗೆ ಆ ದಿನದ ಬಗ್ಗೆ ಹೆಮ್ಮೆಯಿತ್ತು. ಬಂದವರಿಗೆಲ್ಲ ಕೈಸನ್ನೆ ಮಾಡಿ, ತೊದಲಿ ತೊದಲಿ ಹೇಳುತ್ತಿದ್ದ: “ರಾಜನ ವೇಷಕ್ಕ ಮಂದಿ ಕೈ ಮುಗೀತಾರ. ಅಣ್ಣನ ವೇಷಕ್ಕ ಹೊಡದ್ರು. ಅಷ್ಟ ಖರೇ ಇತ್ತು ನೋಡ್ರಿ.” ಆ ಅಣ್ಣತಮ್ಮಂದಿರು ನನ್ನ ಮುಖವನ್ನು ಒಮ್ಮೆಯೂ ಕಂಡಿರಲಿಲ್ಲ. ಹಗ್ಗ ಕೊಂಡವನು ಅವರ ಅಪ್ಪ. ಆ ದಿನ ಅಲ್ಲಿ ಯಾರು ಕೂತಿದ್ದರೂ ಹೊಡೆಯುತ್ತಿದ್ದರು. ಅವನ ಕಲೆಗೂ ಏಟಿಗೂ ಸಂಬಂಧವೇ ಇರಲಿಲ್ಲ. ನಾನು ತಲೆಯಾಡಿಸುತ್ತಿದ್ದೆ. ಹೌದಪ್ಪ, ಖರೇ ಇತ್ತು, ಅನ್ನುತ್ತಿದ್ದೆ. ಅವನ ಸುಖಕ್ಕಾಗಿ ಸುಳ್ಳು ಹೇಳಿದೆನೋ ನನ್ನ ಸುಖಕ್ಕಾಗಿಯೋ — ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೇಳಿಕೊಳ್ಳಬೇಕಾಗಿ ಬಂದದ್ದೇ ಉತ್ತರ.

ಈಗಲೂ ಹೊಸ ಗಿರಾಕಿ ಬಂದು “ರೇವಪ್ಪ ಅಂದ್ರ ನೀವೇನ್ರಿ?” ಎಂದರೆ ನನಗೆ ತಟ್ಟನೆ ಹೌದೆನ್ನಲು ಆಗುವುದಿಲ್ಲ. ಒಳಗಿನಿಂದ ಯಾರೋ ನನಗಿಂತ ಮೊದಲು, ನನ್ನದೇ ಧ್ವನಿಯಲ್ಲಿ, ಹೌದ್ರಿ ಅನ್ನುತ್ತಾನೆ.

ಹೋದ ವರ್ಷ ಭೀಮಶಾ ತೀರಿಕೊಂಡ. ಕೆಲವು ದಿನ ಬಿಟ್ಟು, ಹಗಲಿನಲ್ಲೇ, ನಾರು ಬಿಡಿಸುತ್ತ ಕೂತಿದ್ದ ಶಾಂತವ್ವನ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಹಗ್ಗದ ಹುಳುಕು, ಮಾವ ತಂದ ಸುದ್ದಿ, ಆ ಅಣ್ಣತಮ್ಮಂದಿರು ನನ್ನ ಮುಖ ಕಾಣದಿದ್ದದ್ದು. ಅವಳ ಕೈ ನಾರು ಬಿಡಿಸುತ್ತಲೇ ಇತ್ತು.

“ಇದು ಅವಗ ಗೊತ್ತಿತ್ತೇನ್ರಿ?” ಕೇಳಿದಳು.

“ಇಲ್ಲವ್ವ.”

“ಛಲೋ ಆತು. ನಕ್ಕೋತ ಹೋದ.”

ಎದ್ದು ಸೀರೆ ಝಾಡಿಸಿಕೊಂಡಳು. ಬೇಮಳಖೇಡದಲ್ಲಿರುವ ತಮ್ಮನ ಮನೆಗೆ ಹೋಗುವುದಾಗಿ ಹೇಳಿದಳು. ಖೋಲಿಯಿಂದ ತನ್ನ ಗಂಟು ತಂದಳು. ಬೈಯವ್ವ, ಒಂದು ಮಾತಾದರೂ ಬೈಯಿ ಎಂದು ಬೇಡಿಕೊಂಡೆ. ಅವಳು ಬಾಗಿಲಲ್ಲಿ ನಿಂತಳು.

“ಅಷ್ಟ ಮಂದಿ ಇದ್ರು. ಹೊಡೆಯವರ ಕಾಲ ಹಿಡದಿದ್ರ ಬಿಡತಿದ್ರೇನೋ. ನಾ ನಿಮ್ಮ ಕಡೆ ಬಂದೆ,” ಅಂದಳು.

ಅವಳು ಹೋದಳು. ಅವಳು ಬಿಟ್ಟುಹೋದ ನಾರನ್ನು ನಾನು ಬಿಡಿಸುತ್ತ ಕೂತೆ.