ಅವ್ವಮ್ಮ ಇಟ್ಟ ಮೈಲಾಂಜಿ

ಅವ್ವಮ್ಮನ ಹೆಸರು ನಾನು ಮೊದಲು ಕೇಳಿದ್ದೇ ಬೈಗುಳದ ಜೊತೆಗೆ. ನನ್ನ ಗಂಡನ ಅಕ್ಕ ಕೈಜಮ್ಮ ಕಂದಕ ಕೇರಿಯ ಒಂದು ಮದುವೆಮನೆಯಿಂದ ಬಂದವರು, ಕಾಲು ಸಹ ತೊಳೆಯದೆ ಜಗಲಿಯಲ್ಲಿ ಕೂತುಬಿಟ್ಟರು.

"ಕಾಲ ಕೆಟ್ಟಿತು ಮಾರಾಯ್ತಿ! ಆ ಅವ್ವಮ್ಮ, ಗಂಡ ಸತ್ತವಳು, ಮದುಮಗಳ ಕೈಗೆ ಮೈಲಾಂಜಿ ಇಟ್ಟಳು! ದೀನು ಗೊತ್ತಿದ್ದವರು ಮಾಡುವ ಕೆಲಸವಾ ಇದು?"

ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ನನ್ನ ಗಂಡ ಅಲಿಯಬ್ಬ ಜ್ವರದಲ್ಲಿ ತೀರಿ, ಗಂಡ ಸತ್ತವಳು ಮನೆಯೊಳಗೇ ಕೂರುವ ಇದ್ದತ್ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ನನಗಿದ್ದದ್ದು ಒಬ್ಬಳೇ ಮಗಳು, ಮುಮ್ತಾಝ್. ಮುಂದೆ ಅವಳ ಮದುವೆಗೆ ಮೈಲಾಂಜಿ, ಅಂದರೆ ಮದರಂಗಿ, ಇಡುವ ದಿನ ನಾನು ಅಡಿಗೆಮನೆಯಿಂದ ಈಚೆ ಬರಬಾರದು, ವಿಧವೆಯ ಕೈ ತಾಗಿದರೆ ಹುಡುಗಿಗೆ ಕೇಡು, ಅದು ದೀನಿನಲ್ಲಿಯೇ, ನಮ್ಮ ಧರ್ಮದಲ್ಲಿಯೇ, ಇರುವ ಮಾತು ಎಂದು ಕೈಜಮ್ಮ ಆಗಲೇ ಹೇಳಿಟ್ಟಿದ್ದರು. ಓದು ಬರದ ನಾನು ಅದನ್ನು ನಂಬಿದ್ದೆ. ಈಗ ನೋಡಿದರೆ ಇದೇ ಊರಿನಲ್ಲಿ ಒಬ್ಬರು ಇಟ್ಟಿದ್ದಾರೆ!

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಅವ್ವಮ್ಮನ ಗಂಡ ಮಂಜಿ ಹಡಗಿನಲ್ಲಿ ಅಕ್ಕಿ ಹೇರಿಕೊಂಡು ಅಮಿನಿ ದ್ವೀಪಕ್ಕೆ ಹೋದವರು ಹಿಂದೆ ಬರಲಿಲ್ಲ; ಮಂಜಿ ಮುಳುಗಿದ ಸುದ್ದಿ ಬಂತು. ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತನ್ನು ಅವರು ಒಂದು ದಿನ ತಪ್ಪಿಸದೆ ಕೂತರು. ಅದು ಮುಗಿದ ಮರುಬೆಳಿಗ್ಗೆಯೇ ಹಿತ್ತಿಲಿಗೆ ಇಳಿದು ಮೈಲಾಂಜಿ ಸೊಪ್ಪು ಕೊಯ್ದರಂತೆ. ಹಲಸಿನ ಮೇಣ ಬಿಸಿ ಮಾಡಿ, ತೆಂಗಿನ ಕಡ್ಡಿಯ ತುದಿಯಿಂದ ಅಂಗೈಯಲ್ಲಿ ಚುಕ್ಕೆ ಬಿಟ್ಟು, ಮೇಲೆ ಸೊಪ್ಪಿನ ಅರಪು ಮೆತ್ತುತ್ತಿದ್ದರು. ಮೇಣ ಕಿತ್ತಾಗ ಕೆಂಪು ಕೈಯಲ್ಲಿ ಬಿಳಿ ಹೂ ಎದ್ದು ನಿಲ್ಲುತ್ತಿತ್ತು. ಬಂದರಿನಲ್ಲಿ ಅಂಥ ಕೈ ಇನ್ನೊಬ್ಬರಿಗೆ ಇರಲಿಲ್ಲ. ಗಂಡ ಹೋದ ಮೇಲೆ ಜನ ಕರೆಯುವುದನ್ನು ಬಿಟ್ಟರು. ಅವರು ಹೋಗುವುದನ್ನು ಬಿಡಲಿಲ್ಲ. ಬಾಗಿಲಲ್ಲಿ ನಿಂತು, "ಅರೆದಾಯಿತಾ, ಇಲ್ಲ ನಾನೇ ಅರೀಬೇಕಾ?" ಎನ್ನುತ್ತಿದ್ದರಂತೆ.

ಮುಮ್ತಾಝಳಿಗೆ ಸಂಬಂಧ ಕೂಡಿ ಬಂದಾಗ ನಾನು ಯಾರಿಗೂ ಹೇಳದೆ ಕಂದಕಕ್ಕೆ ಹೋದೆ.

"ಬರ್ತೇನೆ," ಎಂದರು ಅವ್ವಮ್ಮ, ಎಲೆಯಡಿಕೆ ಜಗಿಯುತ್ತಾ. "ಆದರೆ ನೀನು ಒಲೆ ಹತ್ತಿರ ಅಡಗಿದ್ರೆ ಬಂದ ದಾರಿಯಲ್ಲೇ ವಾಪಸ್ ಹೋಗ್ತೇನೆ."

ಮೈಲಾಂಜಿಯ ದಿನ ಸಂಜೆಯ ಅಸರ್ ನಮಾಝ್ ಮುಗಿಸಿ ಅವರು ಬಂದರು. ಮನೆ ತುಂಬ ಹೆಂಗಸರು. ಕೈಜಮ್ಮ ಬಾಗಿಲಿಗೆ ಅಡ್ಡ ನಿಂತರು.

"ನಿಮಗೆ ಊಟ ಉಂಟು, ಗೌರವ ಉಂಟು. ಹುಡುಗಿಯ ಹತ್ತಿರ ಮಾತ್ರ ಹೋಗಬೇಡಿ. ನಮ್ಮ ದೀನಿನಲ್ಲಿ ಇಲ್ಲದ್ದು."

ಜಗಲಿಯಲ್ಲಿ ಮಲ್ಲಿಗೆ ಅಳೆಯುತ್ತಿದ್ದ, ಹೂ ಮಾರುವ ಅಪ್ಪಿ ತಲೆ ಎತ್ತಿದಳು. "ಅಯ್ಯೋ ಅಕ್ಕ, ಇದು ನಮ್ಮ ಹಿಂದೂಗಳ ಕಟ್ಟಳೆ ಅಲ್ವಾ? ಗಂಡ ಹೋದ ಮೇಲೆ ನನ್ನನ್ನೂ ದೂರವೇ ಕೂರಿಸ್ತಾರೆ. ನೀವು ಯಾವಾಗ ತಕೊಂಡದ್ದು?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವ್ವಮ್ಮ ನಗಲಿಲ್ಲ. ಮೆಲ್ಲಗೆ ಕೇಳಿದರು: "ಕೈಜಮ್ಮ, ನಿಮಗೆ ಯಾರ ಹೆಸರು ಇಟ್ಟದ್ದು?"

"ಯಾರದ್ದು? ಖದೀಜಾ ಬೀವಿಯದ್ದು."

"ನಮ್ಮ ಪ್ರವಾದಿ ನೆಬಿಯವರು ಮದುವೆ ಆಗುವಾಗ ಆ ಬೀವಿ ಎಂತ ಆಗಿದ್ದರು?"

ಕೈಜಮ್ಮನಿಗೆ ಗೊತ್ತಿತ್ತು. ಚಿಕ್ಕಂದಿನಿಂದ ಕೇಳಿದ ಕತೆ. "ಗಂಡ ತೀರಿದವರು," ಎಂದರು, ಕೇಳಿಸಿಯೂ ಕೇಳಿಸದ ಹಾಗೆ. ಬಾಗಿಲು ಬಿಟ್ಟು ಸರಿದು, "ನೋಡುತ್ತಾ ನಿಂತದ್ದು ಎಂತ? ಮೇಣ ಆರ್ತದೆ!" ಎಂದು ನನ್ನ ಮೇಲೆಯೇ ರೇಗಿದರು.

ಮೊದಲ ಚುಕ್ಕೆಯನ್ನು ಅವ್ವಮ್ಮ ಇಡಲಿಲ್ಲ. ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ಚುಕ್ಕೆ ಓರೆಯಾಯಿತು. ಮುಮ್ತಾಝ್ ಅದನ್ನು ಸರಿಮಾಡಲು ಯಾರನ್ನೂ ಬಿಡಲಿಲ್ಲ. ಅವಳಿಗೆ ಯಾವ ಕೇಡೂ ಆಗಲಿಲ್ಲ. ಇವತ್ತಿಗೆ ನಾಲ್ಕು ಮಕ್ಕಳ ತಾಯಿ, ನನಗೇ ಬುದ್ಧಿ ಹೇಳುತ್ತಾಳೆ.

ಆಮೇಲೆ ದೂರದ ಫಳ್ನೀರಿನ ದೊಡ್ಡ ಮನೆಗಳಿಂದಲೂ ಅವ್ವಮ್ಮನಿಗೆ ಕರೆ ಬರತೊಡಗಿತು. "ಅವರನ್ನು ಮೊದಲು ಒಳಗೆ ಕರೆದದ್ದು ನಾನೇ," ಎಂದು ಕೈಜಮ್ಮ ಹೋದಲ್ಲೆಲ್ಲ ಹೇಳುತ್ತಿದ್ದರು. ನಾವು ಯಾರೂ ತಿದ್ದಲಿಲ್ಲ. ಅವ್ವಮ್ಮನೊಂದಿಗೆ ನಾನೂ ಮದುವೆಮನೆಗಳಿಗೆ ಹೋಗುತ್ತಿದ್ದೆ. ನಮಾಝ್ ತಪ್ಪಿಸಿದ ಹುಡುಗಿಯರನ್ನು ಅವರು ಬಿಡದೆ ಗದರಿಸುತ್ತಿದ್ದರು. ಬಾಗಿಲ ಹಿಂದೆ ನಿಂತ ವಿಧವೆಯರನ್ನು ಕೈ ಹಿಡಿದು ಎಳೆದು ತರುತ್ತಿದ್ದರು. ಅವರ ಪಕ್ಕದಲ್ಲಿ ನಡೆಯುವಾಗ ನನ್ನ ತಲೆ ತಾನಾಗಿ ಎತ್ತರವಾಗುತ್ತಿತ್ತು.

ಯುದ್ಧದ ಕಾಲದಲ್ಲಿ, ಅಕ್ಕಿ ಸಿಗದ ವರ್ಷ, ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಅವರ ಕಾಲು ತಿಕ್ಕುತ್ತಾ ಕೂತಿದ್ದೆ. ಕಣ್ಣು ತೆರೆದು, ಉಸಿರು ಕೂಡಿಸಿಕೊಂಡು ಹೇಳಿದರು:

"ನಾಳೆ ತೊಕ್ಕೊಟ್ಟಿನಲ್ಲಿ ಮೈಲಾಂಜಿ ಉಂಟು. ಹುಡುಗಿಯನ್ನು ಹೆತ್ತ ಉಮ್ಮ ಪಾಪದವಳು, ಗಂಡ ಹೋದ ವರ್ಷ ತೀರಿದ. ಅವಳು ಹಿಂದೆಯೇ ನಿಲ್ತಾಳೆ ನೋಡು. ನೀನು ನನ್ನ ಹತ್ತಿರ ಕೂರಬೇಡ ಮಗಳೇ. ಬೆಳಿಗ್ಗಿನ ದೋಣಿಗೇ ನದಿ ದಾಟು. ಅವಳನ್ನು ಮುಂದೆ ತಂದು ಕೂರಿಸು."